ಮೂವತ್ತು ದಿನದ ಕಾಗದ

ಆಗಸ್ಟ್ ಕೊನೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ,
ಸೆಪ್ಟೆಂಬರಿನ ಮೂರು ಪಟ್ಟಿಗಳಲ್ಲೂ.
ಸೆತೂಬಲಿನ ಮೀನಂಗಡಿಯಲ್ಲಿ ಬೂತಾಯಿ ತೂಗುತ್ತಿದ್ದೆ.
ಭೂಗೋಳದ ಟೀಚರು ನಾನು, ಮೂವತ್ತೆಂಟು ವರ್ಷ,
ಹನ್ನೊಂದು ಶಾಲೆಗಳ ಬೀಗದ ಕೈ ಹಿಂದಿರುಗಿಸಿದವಳು.
ಒದ್ದೆ ಬೆರಳಲ್ಲೇ ಫೋನು ಒತ್ತಿ ನೋಡಿದರೆ
ಅಕ್ಟೋಬರ್ ಹನ್ನೆರಡು, ನನ್ನ ಹೆಸರು,
ವಿಲಾರ್ ದ ಫ್ರಾಗಾ, ವಾರಕ್ಕೆ ಹದಿನಾರು ತಾಸು.
ಬದಲಿ. ಮೂವತ್ತು ದಿನ. ಮುಂದುವರಿಯಲೂಬಹುದು.

ನಕ್ಷೆಯಲ್ಲಿ ಊರು ಸಿಗಲು ಹೊತ್ತು ಹಿಡಿಯಿತು,
ಭೂಗೋಳದವಳಿಗೂ.
ಸ್ಪೇನಿನ ಗಡಿಗೆ ಬೆನ್ನು ಕೊಟ್ಟು ಕೂತ ಊರು:
ಒಂದು ಬ್ಯಾಂಕು, ಅದೂ ಮಂಗಳವಾರ ಮಾತ್ರ,
ಕರಿಗಲ್ಲಿನ ಗೋಡೆಗಳು, ಚೆಸ್ಟ್‌ನಟ್ ಮರಗಳು,
ನನ್ನ ಕಾರಿನ ನಂಬರು ಓದಿಕೊಂಡ ನಾಲ್ಕು ಜನ ಮುದುಕರು.
ಸಂಜೆಯೊಳಗೆ ಊರಿಗೆಲ್ಲ ಗೊತ್ತು,
'ಎರ್ಮೆಲಿಂಡಾ ಜಾಗಕ್ಕೆ ಬಂದವಳು.'

ಹೆಸರು ಕೇಳಿದ್ದು ಅದೇ ಮೊದಲು.

ಅವರ ಮೇಜಿನ ಡ್ರಾಯರು ಹಾಗೇ ಇತ್ತು.
ಕಾಲು ಮುರಿದ ಕನ್ನಡಕ, ಕೆಮ್ಮಿನ ಮಿಠಾಯಿ,
ಒಂದು ಚೀಟಿಯಲ್ಲಿ ಏಳು ಮಕ್ಕಳೂ:
'ನಾಯ್ಡ್ ಸೋಮವಾರ ತಿಂದಿರುವುದಿಲ್ಲ.
ಝಾಕಿಂಗೆ ಹಂದಿ ಕೊಯ್ಯುವ ವಾರ ರಜೆ ಕೇಳಬೇಡ, ತಾನೇ ಬಿಡುತ್ತಾನೆ.
ತೆಲ್ಮುಗೆ ಎಡಗಿವಿ ಕೇಳದು, ನಿಂತಾಗ ಬಲಕ್ಕೆ ನಿಲ್ಲು.'
ಯಾರಿಗೆ ಬರೆದಿದ್ದರೋ.
'ನಿಲ್ಲು' ಅಂದಿದ್ದರು. ನಾನು ಬಲಕ್ಕೆ ನಿಂತೆ.

ಮೂವತ್ತನೆಯ ದಿನ ಗುಮಾಸ್ತ ಅಬೀಲಿಯು
ಕಾಗದ ತಂದ, ವೈದ್ಯರ ಸಹಿ ಒಣಗಿರಲಿಲ್ಲ.
'ದೋನಾ ಎರ್ಮೆಲಿಂಡಾ ಇನ್ನೂ ಹಾಗೇ ಇದ್ದಾರೆ' ಎಂದ.
ದುಃಖ ಹೇಳಬೇಕೋ ಶುಭಾಶಯವೋ ತಿಳಿಯದೆ
ಮುದ್ರೆಯನ್ನು ಎರಡು ಸಲ ಒತ್ತಿದ.
ನನ್ನೊಳಗೆ ಏನೋ ಒಂದು ಹಾಯೆಂದು ಉಸಿರು ಬಿಟ್ಟಿತು.
ಅದರ ಕಿವಿ ಹಿಂಡಬೇಕಿತ್ತು. ಹಿಂಡಲಿಲ್ಲ.
ಬಾಡಿಗೆ ಕೊಟ್ಟೆ, ಉಣ್ಣೆಯ ಕಾಲುಚೀಲ ಕೊಂಡೆ.

ಮನೆಯೊಡತಿ ಕಾಂದಿದಾ ರಾತ್ರಿ ಮೇಜಿನಡಿ ಕೆಂಡವಿಟ್ಟು
ಜಪಸರ ಹಿಡಿದು ಕೂರುತ್ತಾಳೆ.
'ಬಾ ಮಗಳೇ, ಎರ್ಮೆಲಿಂಡಾ ಗುಣವಾಗಲಿ ಅಂತ ಹತ್ತು ಮಣಿ.'
ಕಾಲು ಬೆಚ್ಚಗೆ, ಬೆನ್ನು ತಣ್ಣಗೆ.
ನಮೋ ಮರಿಯಾ, ನಮೋ ಮರಿಯಾ,
ತುಟಿ ಅವರಿಗಾಗಿ ಬೇಡುತ್ತದೆ,
ಹೊಟ್ಟೆ ಮಾರ್ಚಿಯವರೆಗೆ ಎಣಿಸುತ್ತದೆ.
ಅನ್ನದ ಋಣ ಅನ್ನುತ್ತಾರಲ್ಲ,
ಯಾರ ತಟ್ಟೆಯಿಂದ ಅಂತ ಯಾರೂ ಹೇಳುವುದಿಲ್ಲ.
ಆರನೆಯ ಮಣಿಯಲ್ಲಿ ಪ್ರತಿ ಸಲ ಲೆಕ್ಕ ತಪ್ಪುತ್ತೇನೆ.

ಫೆಬ್ರವರಿಯಲ್ಲಿ, ಹಿಮ ಕರಗಿ ಕೆಸರಾದ ಒಂದು ಗುರುವಾರ,
ಶಾಲೆಯ ಗೇಟಿಗೆ ಒಬ್ಬ ಹೆಂಗಸು ಬಂದು ನಿಂತಳು.
ತಲೆಗೆ ಬಿಗಿದ ಸ್ಕಾರ್ಫು, ಹುಬ್ಬಿಲ್ಲ,
ಕೋಟು ಅವಳಿಗಿಂತ ಇಬ್ಬರಷ್ಟು ದೊಡ್ಡದು.
ಮಕ್ಕಳು ಓಡಿದರು. ನಾನು ಓಡಲಿಲ್ಲ,
ಕೈಯಲ್ಲಿ ಅವಳದೇ ಸೀಮೆಸುಣ್ಣ.

'ನದಿಗಳು ಮುಗಿದವಾ?'
'ಸಬೋರ್ ಆಯಿತು, ತೂಅ ಆಯಿತು. ದೋರು ನಡೀತಿದೆ.'
'ತೆಲ್ಮು?'
'ಬಲಕ್ಕೆ ನಿಲ್ಲುತ್ತೇನೆ.'
ತಲೆಯಾಡಿಸಿದಳು. ಗೇಟಿನ ಕಂಬಿ ಹಿಡಿದು
ಉಸಿರು ಸಿಗುವವರೆಗೆ ಕಾದಳು.
'ದೋರು ಮುಗಿದ ಮೇಲೆ ಕಡಲು ಬರುತ್ತದೆ.
ಇಪ್ಪತ್ತೊಂಬತ್ತು ವರ್ಷ ಪುಸ್ತಕ ನೋಡಿ ಹೇಳಿದ್ದೇನೆ.
ನೀನು ಅಲ್ಲಿಯವಳಂತೆ. ವಾಸನೆ ಹೇಗಿರುತ್ತೆ ಅಂತ
ಸರಿಯಾಗಿ ಹೇಳು, ಸುಳ್ಳು ಹೇಳಬೇಡ.'

ಮರುದಿನ ಅಬೀಲಿಯು ಕಾಗದ ತಂದ.
ಸಹಿ ಹಾಕುವಾಗ ಪೆನ್ನು ಬರೆಯಲಿಲ್ಲ.
ಊದಿ, ಒದರಿ, ಮತ್ತೆ ಹಾಕಿದೆ.
ಆಮೇಲೆ ತರಗತಿಗೆ ಹೋಗಿ ಬಲಕ್ಕೆ ನಿಂತು
ಬೂತಾಯಿಯಿಂದ ಶುರುಮಾಡಿದೆ.