ಗುಲಗಂಜಿಯ ಲೆಕ್ಕ

ಗುರುವಾರ ಸಂಜೆ ಆರಕ್ಕೆ
ಒಲ್ವೆನ್ ಪಾರ್ಡೋ ಅಡಿಗೆಮನೆಯ ಕಿಟಕಿ ಮುಚ್ಚುತ್ತಾಳೆ.
ಗಾಳಿ ಬೇಡ. ಕೆಟಲ್ ಬೇಡ. ಬೆಕ್ಕು ಹೊರಗೆ.
"ಡೆಸ್ಮಂಡ್, ಉಸಿರನ್ನು ಆಚೆ ತಿರುಗಿಸಿ ಬಿಡು."
ತಕ್ಕಡಿ ಅದನ್ನೂ ತೂಗಿಬಿಡುತ್ತದಂತೆ.

ಡಬ್ಬಿ ತೆರೆದು ಬಿಳಿ ಬಟ್ಟೆಗೆ ಸುರಿದರೆ
ಒದ್ದೆ ಮರಳು ಜಾರಿದ ಸದ್ದು. ಐನೂರು.
ಗುಂಡು ಅನ್ನುತ್ತೇವೆ, ಗುಂಡಗಿಲ್ಲ ಒಂದೂ:
ಚಪ್ಪಟೆ ತಲೆ, ಹಿಡಿದು ಬಿಗಿದಂಥ ಸೊಂಟ,
ಕೆಳಗೆ ಟೊಳ್ಳು ಲಂಗ.
ಲಂಗದ ಅಂಚು ನೆಗ್ಗಿದರೆ ಗಾಳಿ ಸೋರುತ್ತದೆ,
ಗಾಳಿ ಸೋರಿದರೆ ಗುರಿ ಸೋರುತ್ತದೆ,
ಗುರಿ ಸೋರಿದರೆ ಶುಕ್ರವಾರ ರಾತ್ರಿ
'ಮೂರು ಮೊಲ'ದ ಹಿಂದಿನ ಕೋಣೆಯಲ್ಲಿ
ಬಿಯರಿನ ಲೋಟ ಹಿಡಿದು ನಿಂತವರೆಲ್ಲ
ಒಟ್ಟಿಗೇ ಚಾವಣಿ ನೋಡುತ್ತಾರೆ.

ಅಲ್ಲಿರುವುದಿಷ್ಟೆ. ಆರು ಗಜ ದೂರದಲ್ಲಿ
ಬಿಳಿ ಬಣ್ಣ ಸವರಿದ ಕಬ್ಬಿಣದ ತಟ್ಟೆ,
ನಟ್ಟ ನಡುವೆ ಬಟಾಣಿ ತೂರುವಷ್ಟು ತೂತು,
ತೂತಿನ ಹಿಂದೆ ಒಂದು ಗಂಟೆ.
ಠಣ್ ಅಂದರೆ ಐದು.
ಠಪ್ ಅಂದರೆ ನಾಲ್ಕೋ ಮೂರೋ,
ಬಿಳಿಯ ಮೇಲೆ ಕಪ್ಪಾಗಿ ಕೂತು
ಮುಂದಿನ ಬಣ್ಣ ಬಳಿಯುವ ತನಕ ನಗುತ್ತದೆ.

ಒಲ್ವೆನ್ ರೆಡಿಚ್‌ನ ಸೂಜಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕೊನೆಯ ಮೇಜಿನವಳು.
ಎರಡು ಬೆರಳ ನಡುವೆ ಸೂಜಿ ಹೊರಳಿಸಿ
ಡೊಂಕನ್ನು ಚರ್ಮದಿಂದಲೇ ಹೆಕ್ಕುವ ಕೆಲಸ.
ಆಗ ಕಣ್ಣು ಬೇಕಿರಲಿಲ್ಲ.
ಈಗ ಪೊರೆ ಬಂದು, ಕಣ್ಣು ತಾನಾಗಿ ರಜೆ ಹಾಕಿದೆ.

ಗಾಜಿನ ಹಲಗೆಯ ಒಂದು ತುದಿಗೆ
ಬ್ಯಾಂಕಿನ ಪಾಸ್‌ಬುಕ್ಕು ಇಟ್ಟು ಎತ್ತರಿಸುತ್ತಾಳೆ.
("ಅದು ತೆಳ್ಳಗಿರುವುದೂ ಒಳ್ಳೆಯದೇ ಆಯಿತು.")
ಉರುಳುವ ಗುಂಡು ನೇರ ಹೋಗುವುದಿಲ್ಲ,
ಲಂಗ ದೊಡ್ಡದು ತಲೆ ಚಿಕ್ಕದು, ಬಿಲ್ಲಿನಂತೆ ಬಾಗುತ್ತದೆ.
ಮೇಜಿನಂಚಿಗೊಡ್ಡಿದ ಅಂಗೈಯ
ಯಾವ ಗೆರೆಗೆ ಬಿತ್ತೆಂದು ಅವಳಿಗೆ ಗೊತ್ತು.
"ತಪ್ಪಲಿ ಬಿಡು, ಆದರೆ
ಎಲ್ಲವೂ ಒಂದೇ ಥರ ತಪ್ಪಬೇಕು."

ಆಮೇಲೆ ತೂಕ. ಅಂಕಿ ಓದುವುದು ನಾನು.
ಪಾಯಿಂಟ್ ಐದು ನಾಲ್ಕು. ಪಾಯಿಂಟ್ ಐದು ನಾಲ್ಕು.
ಪಾಯಿಂಟ್ ಐದು ಮೂರು,
ಗುಲಗಂಜಿಯ ಹನ್ನೆರಡರಲ್ಲೊಂದು ಪಾಲು ಕಡಿಮೆ,
ಎರಡನೇ ಮೊಟ್ಟೆಪೆಟ್ಟಿಗೆಗೆ.
ಅದಕ್ಕೂ ಹಗುರಾದವು ಜ್ಯಾಮಿನ ಜಾಡಿಗೆ,
ಪಕ್ಕದ ಮನೆಯ ಹುಡುಗರು
ಖಾಲಿ ಡಬ್ಬ ಬೀಳಿಸಿ ಖುಷಿಪಡಲಿಕ್ಕೆ.
ಒಮ್ಮೊಮ್ಮೆ ತೂಕ ಸರಿ, ಉರುಳೂ ಸರಿ,
ಆದರೂ ಹೆಬ್ಬೆರಳು ನಿಲ್ಲುತ್ತದೆ:
"ಇದು ಬೇಡ."
ಯಾಕೆ ಅಂದರೆ, "ಯಾಕೆ ಅಂದರೆ ಬೇಡ."

ಕಳೆದ ಶುಕ್ರವಾರ 'ಹಳೆ ನೇಗಿಲು' ತಂಡದೆದುರು
ಒಂದು ಅಂಕದಲ್ಲಿ ಸೋತೆವು.
ಕೊನೆಯ ಗುಂಡು ನನ್ನದು.
ಮೊದಲ ಪೆಟ್ಟಿಗೆಯದು, ಮೂರು ಸಲ ಉರುಳಿಸಿದ್ದು,
ಐನೂರರಲ್ಲಿ ಅಂಥವು ನಲವತ್ತೂ ಇರಲಿಲ್ಲ.
ಠಪ್.

"ಯಾವ ಪೆಟ್ಟಿಗೆ?" ಕೇಳಿದಳು, ಕೋಟು ಹಾಕಿಕೊಳ್ಳುತ್ತ.
ನನ್ನ ಬಾಯಿ ನನಗಿಂತ ಮೊದಲೇ
"ಎರಡನೆಯದು" ಅಂದಿತು. "ಅವಸರದಲ್ಲಿ ಅದಲುಬದಲಾಯಿತು."
ಐವತ್ತೆಂಟು ವರ್ಷದ ಅಂಚೆಯವನು ನಾನು,
ಬೇರೆಯವರ ಕಾಗದ ಒಂದು ದಿನವೂ ಅದಲುಬದಲು ಮಾಡಿದವನಲ್ಲ.

ಅವಳು ಏನೂ ಅನ್ನಲಿಲ್ಲ.
ನನ್ನ ಮಣಿಕಟ್ಟು ಹಿಡಿದು,
ಹೆಬ್ಬೆರಳು ತೋರುಬೆರಳ ನಡುವೆ
ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿದಳು.
ಹಿಂದೆ ಯಾರೋ ಹೊಸ ಸುತ್ತು ಬಿಯರ್ ತಂದರು,
ಯಾರೋ ತಟ್ಟೆಗೆ ಬಿಳಿ ಬಳಿದರು.
ಬೆರಳು ಒಂದು ಕಡೆ ನಿಂತಿತು.
ಅಲ್ಲೇ ಒಂದು ಗಳಿಗೆ ಇದ್ದು, ಬಿಟ್ಟಿತು.

ಯಾವ ಪೆಟ್ಟಿಗೆಗೆ ಹಾಕಿದಳೋ ಹೇಳಲಿಲ್ಲ.
"ಗುರುವಾರ ಆರಕ್ಕೆ ಬಾ," ಅಂದಳು,
"ಬರುವಾಗ ಮೊಟ್ಟೆ ತಾ.
ಮೊಟ್ಟೆ ನೀನೇ ತಿನ್ನು,
ಪೆಟ್ಟಿಗೆ ನನಗೆ ಬೇಕು."