ಬರಬೇಕಾದ ಬಾಕಿ

ಮೊದಲನೇ ಮ್ಯಾಚಿಗೆ ಹರಿದ ಟಿಕೀಟು ಹದಿನೇಳು.
ಅದರಾಗ ನಾಕು ಗೋಲ್‌ಕೀಪರ್ ಇನಾಸನ ಅವ್ವ ತಗೊಂಡಿದ್ದು.
ಒಂದು ತನಗ, ಮೂರು ಬುಟ್ಟಿಗೆ.
ಬುಟ್ಟಿಗೂ ಕೂಡಾಕ ಜಾಗ ಬೇಕಲ್ಲ, ಅಂದಳು.
ಮಗ ಐದು ಗೋಲು ಬಿಟ್ಟ,
ಬುಟ್ಟಿಯಾಗ ಒಂದು ಪಾವೂ ಉಳೀಲಿಲ್ಲ.

ನಾನು ವಹಿ ಬರೆಯಾಂವ.
ಹಗಲೆಲ್ಲ ಉದ್ಯಮಬಾಗದ ಫೌಂಡ್ರಿಯಾಗ ಕಬ್ಬಿಣದ ತೂಕ,
ಸಂಜೀಕ ಥರ್ಡ್ ಗೇಟ್ ರೋವರ್ಸಿನ ಜಮಾ-ಖರ್ಚು.
ಚೌಗುಲಾ ಸಾಹುಕಾರರು ಒಂದಿನ ಕರೆದು ಹೇಳಿದರು:
ಇನ್ನ ಹುಡುಗೂರು ಪಗಾರಕ್ಕ ಆಡ್ಲಿ,
ಛಾಪಾ ಕಾಗದದ ಮ್ಯಾಲ ಸಹಿ ತಗೋ.
ತಿಂಗಳಾ ಒಂಬೈನೂರು ರೂಪಾಯಿ, ಮತ್ತ ದಿನಾ ಎರಡು...
ಜೈನ ಬಾಯಿ, ತತ್ತಿ ಅನ್ನಾಕ ಬರವಲ್ದು,
'ಆ ಬಿಳೀ ಸಾಮಾನು' ಅಂದರು.
ವಹಿಯಾಗೂ ಹಂಗs ಐತಿ ನೋಡ್ರಿ:
ಬಿಳೀ ಸಾಮಾನು, ಡಜನ್ ಹನ್ನೊಂದು.

ಮೈನುದ್ದೀನ್ ಸನದಿ ಸಹಿಗೆ ಬಗ್ಗಿದಾಂವ ಪೆನ್ನು ಎತ್ತಿ ಕೇಳಿದ,
ರೋಜಾ ತಿಂಗಳದಾಗ ಹೊತ್ತು ಮುಣುಗಿದ ಮ್ಯಾಲ ಕೊಡ್ತೀರಿಲ್ಲೋ?
ಅದನ್ನೂ ಬರಕೊಂಡೆ. ಕಲಮು ಏಳು.

ಗೋಲಿನ ಕಂಬ ನಾವs ಎರಕ ಹೊಯ್ದದ್ದು,
ಅಳತಿಗಿಂತ ದಪ್ಪ, ತಳಕ್ಕ ಎರಡು ಫೂಟು ಸಿಮೆಂಟು.
ಚೆಂಡು ಬಡೀತಂದ್ರ ಸಾಲಿ ಗಂಟಿ ಹೊಡದಂಗ.
ಲೇಥಿನ ಮುಂದ ನಿಂತವರಿಗೂ ತಿಳೀತಿತ್ತು,
ನಮ್ಮಾಂವ ಮತ್ತ ತಪ್ಪಿಸಿದ.

ತರಬೇತಿಗೆ ಪಿಂಚಣಿ ಹವಾಲ್ದಾರ ಪಿರಾಜಿ ಘಾಡಿ.
ಬೈಯೂದು ಮರಾಠಿಯೊಳಗ, ಹೊಗಳೂದು ಕನ್ನಡದಾಗ.
ಅವರ ಕನ್ನಡ ನಾವು ಭಾಳ ಕೇಳಿಲ್ಲ.

ಮೈದಾನದ ಬಗಲಾಗs ರೈಲು.
ಒಂದs ವರ್ಷದಾಗ ಮೂರು ಚೆಂಡು ಗೂಡ್ಸ್ ಗಾಡಿ ಹತ್ತಿದವು.
ಒಂದು ಗಾಲಿಗೆ ಸಿಕ್ಕು ರೊಟ್ಟಿ ಆತು.
ಒಂದನ್ನ ಲೋಂಡಾದ ಸ್ಟೇಷನ್ ಮಾಸ್ತರ
ಗಾರ್ಡಿನ ಕೈಯಾಗ ತಿರುಗಿ ಕಳಿಸಿದ, ಜೋಡಿ ಒಂದು ಚೀಟಿ:
ನಿಮ್ಮ ಮನಿಷ್ಯಾ ಟಿಕೀಟಿಲ್ಲದ ಬಂದಿದ್ದ,
ಈ ಸಲ ಬಿಟ್ಟೇನಿ.
ಮೂರನೇದರ ಸುದ್ದಿ ಇಲ್ಲ.

ಎರಡನೇ ವರ್ಷ ಜೂನಿಗೆ ಹಿಡಿದ ಮಳಿ
ಸುಣ್ಣದ ಗೆರಿ ನಿಲ್ಲಗೊಡಲಿಲ್ಲ.
ಹೊಡೆದಷ್ಟೂ ಹಾಲಾಗಿ ಹರೀತು.
ಕಡೀಕ ಫೌಂಡ್ರಿಯ ಸುಟ್ಟ ಉಸುಕು ತಂದು
ಕರೀ ಗೆರಿ ಎಳೆದಿವಿ.
ಗದಗಿನವರು ಬಸ್ಸಿನಿಂದ ಇಳಿದವರs ನಕ್ಕರು,
ಏನ್ರಿ, ಇಲ್ಲಿ ಯಾರು ಸತ್ತಾರು?
ಭರಮಾ ನಾಯಿಕನ ಎಡಗಾಲಿನ ಬೂಟು ಕೆಸರು ನುಂಗಿತ್ತು.
ಬರಿಗಾಲಿಲೆ ಹೊಡೆದ.
ಗಂಟಿ ಬಾರಸಲಿಲ್ಲ.
ಫೌಂಡ್ರಿಯ ಮಂದಿಗೆ ಗೊತ್ತs ಆಗಲಿಲ್ಲ,
ನಾವು ಮೊದಲ ಸಲ ಗೆದ್ದದ್ದು.
ಹವಾಲ್ದಾರರು ಅವತ್ತು ಕನ್ನಡ ಮಾತಾಡಿದರು,
'ಛಲೋ' ಅಂದರು, ಮತ್ತ ಕೊಡಿ ಬಿಚ್ಚಿ ನಡೆದರು.

ಮೂರನೇ ವರ್ಷ ಪಗಾರ ಎರಡು ತಿಂಗಳು ನಿಂತಿತು,
ಬಿಳೀ ಸಾಮಾನು ಅದಕೂ ಮೊದಲs.
ಹುಬ್ಬಳ್ಳಿಯ ಟ್ರ್ಯಾಕ್ಟರ್ ಏಜೆಂಟನೊಬ್ಬ ಬಂದು
ಹೆಸರು ಕೊಂಡ, ಎರಡನೇ ದರ್ಜೆಯ ಲೀಗಿನಾಗಿನ ನಮ್ಮ ಜಾಗ ಕೊಂಡ,
ಭರಮಾನ್ನ ಕೊಂಡ.
ಹೆಸರಂದ್ರ ಏನು, ಥರ್ಡ್ ಗೇಟ್!
ಹುಬ್ಬಳ್ಯಾಗ ಅದು ಯಾವ ಗೇಟಿಗೆ ನಿಲ್ಲತೈತಿ?
ಕಂಬಾನೂ ಒಯ್ಯತೇನಿ ಅಂತ ಆರು ಮಂದಿ ಕರಕೊಂಡು ಬಂದಿದ್ದ.
ಮಧ್ಯಾಹ್ನತನಕ ಎಳೆದರು.
ಇನಾಸನ ಅವ್ವ ಅವರಿಗೂ ಪಾವು ಮಾರಿದಳು.

ಕಂಬ ಇನ್ನೂ ಅಲ್ಲೇ ಅದಾವ.
ಮೈನುದ್ದೀನನ ಸಣ್ಣ ಮಗಳು ಸಂಜಿಮುಂದ ಗಂಟಿ ಬಾರಸ್ತಾಳ,
ನನ್ನ ಚಹಾದ ಹೊತ್ತು ಅದರ ಮ್ಯಾಲs.

ಲೆಕ್ಕ ಮುಚ್ಚಾಕ ಬಂದ ಆಡಿಟರ್
ಕಡೀ ಹಾಳ್ಯಾಗ ಬೆರಳಿಟ್ಟ:
'ಚೆಂಡು, ಒಂದು. ಗೂಡ್ಸ್ ಗಾಡಿಯಿಂದ ಬರಬೇಕು.'
ಇದೇನ್ರಿ ಇದು, ಹೊಡದು ಹಾಕ್ರಿ ಅಂದ.
ಹೊಡದೀವಿ ಸಾಹೇಬ್ರ, ಅಂದೆ,
ಅದಕ್ಕs ಹೋಗೇತಿ.