ಹೊಟ್ಟೆಯೊಳಗಿನ ಸಾಲು

ಮಾಚೇನಹಳ್ಳಿಯ ಫೌಂಡ್ರಿ, ರಾತ್ರಿ ಪಾಳಿ.
ಎರಡನೇ ಕುಲುಮೆ ಮತ್ತೆ ನಿಂತಿತು, ಒಂದೂ ಹತ್ತಕ್ಕೆ.
ನನ್ನ ಅಂಗೈಯಗಲದ ಬೋರ್ಡು
ಸಾಯುವ ಮುಂಚೆ ಪರದೆಗೆ ಬಿಟ್ಟದ್ದು ಒಂದೇ ಸಾಲು:
"ಬಾಗಿಲು ಸರಿ ಇದೆ."

ಹಾಗಾಗಿ ಮೂರು ರಾತ್ರಿ ನನ್ನ ಗುಮಾನಿಯೆಲ್ಲ ಬಾಗಿಲ ಮೇಲೆ.
ಸೆನ್ಸರ್ ಬಿಚ್ಚಿದೆ, ತಿಕ್ಕಿದೆ, ಹೊಸ ವೈರು ಎಳೆದೆ,
ಬಾಗಿಲಿನ ಫಂಕ್ಷನ್ ಅಳಿಸಿ ಮೊದಲಿನಿಂದ ಬರೆದೆ.
ಸರಿ ಇದೆ ಅಂದದ್ದನ್ನೇ ಅನುಮಾನಿಸುವುದು
ನಮ್ಮ ಕಸುಬಿನ ಜಾಣತನ.

ಬೋರ್ಡು ಸುಳ್ಳು ಹೇಳಿರಲಿಲ್ಲ. ಪೂರ್ತಿ ಹೇಳಿರಲಿಲ್ಲ, ಅಷ್ಟೆ.
ಪ್ರಿಂಟ್‌ಎಫ್ ಅಂದರೆ ಆಡಿದ ಮಾತು ಅಂತ ನಂಬಿದ್ದೆ;
ಅದು ಆಡಲೆಂದು ಎತ್ತಿಟ್ಟ ಮಾತು.
ಬಫರಿನಲ್ಲಿ ಕೂತು ಕಾಯುತ್ತದೆ,
ಹೊಸ ಸಾಲಿನ ಗುರುತು ಬರಲಿ, ಇಲ್ಲಾ ಹೊಟ್ಟೆ ತುಂಬಲಿ ಅಂತ.
ಅಷ್ಟರಲ್ಲಿ ರೀಸೆಟ್ ಆದರೆ
ಗಂಟಲಿಗೆ ಬಂದದ್ದು ಗಂಟಲಲ್ಲೇ.

ಇದನ್ನು ಹೊಳೆಯಿಸಿದವನು ಲೇಡಲ್ ಹಿಡಿಯುವ ಹುಚ್ರಾಯಣ್ಣ.
ತುಂಬಲಿ ಅಂತ ಕಾಯುತ್ತ ನಿಂತ ಹೊಸ ಹುಡುಗನಿಗೆ ಗದರುತ್ತಿದ್ದ:
"ಅರ್ಧ ಇದ್ರೂ ಬಗ್ಗಿಸೋ!
ಒಳಗೇ ಗಡ್ಡೆ ಕಟ್ಟಿದ್ರೆ
ಅಚ್ಚಿಗೇನು ನಿನ್ನ ಬೆವರು ಹುಯ್ತೀಯ?"

ಲ್ಯಾಪ್‌ಟಾಪಿನ ಕೀಲಿಗಳ ಸಂದಿನಲ್ಲಿ ಕಪ್ಪು ಮರಳು.
ಪ್ರತಿ ಪ್ರಿಂಟಿನ ಬೆನ್ನಿಗೆ ಒಂದು ಫ್ಲಶ್ ಬರೆದೆ,
ಎರಡು ಆವರಣ, ಒಂದು ಅರ್ಧವಿರಾಮ.
ಕುಲುಮೆ ಹಚ್ಚಿದರು. ಕಾದೆವು.
ಯಾರೋ ತಣ್ಣಗಾದ ಚಹಾ ತಂದರು.
ಎರಡೂ ಇಪ್ಪತ್ತಕ್ಕೆ ನಿಂತಿತು. ಈ ಸಲ
ಬಾಗಿಲಿನ ಸಾಲು ಮುಗಿದ ಮೇಲೆ
ಇನ್ನೂ ಎರಡು ಪದ, ತುದಿಗೆ ಚುಕ್ಕಿಯೂ ಇಲ್ಲದೆ:
"ನೀರು ಕಡಿಮೆ"

"ಏನಂತೆ?" ಹುಚ್ರಾಯಣ್ಣ ಬಗ್ಗಿ ನೋಡಿದ.
"ತಂಪಿನ ನೀರು ಸಾಲ್ತಿಲ್ವಂತೆ. ಪಂಪು."
"ಅಯ್ಯ, ಸೋಮವಾರಾನೇ ಹೇಳಿದ್ನಲ್ಲ ಮೇಡಂ,
ಪೈಪು ಮುಟ್ಟಿದ್ರೆ ಕೈ ಸುಡ್ತದೆ ಅಂತ.
ಗುರುಶಾಂತಪ್ನೋರು ಬರ್ಕಂಡ್ರು."

ಸೂಪರ್‌ವೈಸರ್ ಮೇಜಿನ ಮೇಲೆ ಉದ್ದನೆ ರಿಜಿಸ್ಟರು.
ಪುಟ ತುಂಬಿದ ಮೇಲೆ ಮಾಲೀಕರಿಗೆ ಕಳಿಸುವುದು ರೂಢಿ.
ಆ ಪುಟದಲ್ಲಿ ನಾಲ್ಕು ಸಾಲಿದ್ದವು:
ಕೈಗವಸು ಬೇಕು. ಟ್ಯೂಬ್‌ಲೈಟ್ ಹೋಗಿದೆ.
ಪೈಪು ಬಿಸಿ ಆಗುತ್ತಿದೆ, ಹುಚ್ರಾಯಪ್ಪ ಹೇಳಿಕೆ.
ಆಯುಧಪೂಜೆಯ ಚಂದಾ.
ಕೆಳಗೆ ಇಪ್ಪತ್ತು ಗೆರೆ, ಖಾಲಿ.

ಹಾಳೆ ಹರಿದುಕೊಂಡೆ.
ಗಂಟೆ ಮೂರಾಗುತ್ತ ಬಂದಿತ್ತು. ಆಗಲಿ ಅಂತ
ಮಾಲೀಕರ ನಂಬರು ಒತ್ತಿದೆ.